ಕಾಣೆಯಾದ ಸೀಸೆಗಳು, ಕುಗ್ಗಿದ ಕಪ್ಪೆಗಳು

1937ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್ ದಕ್ಷಿಣ ಭಾರತದ ಹೊಸ ಕಪ್ಪೆಗಳ ವಿವರ ಪ್ರಕಟಿಸಿದರು. ಹೆಬ್ಬೆರಳಿನಷ್ಟು ಪುಟ್ಟ ಕಪ್ಪೆಯೊಂದರ ಊರನ್ನು ‘ಕೊಟ್ಟಿಗೆಹಾರ, ಕಡೂರು’ ಎಂದು ನಮೂದಿಸಿದರು. ಇಂದಿನ ಚಿಕ್ಕಮಗಳೂರಿಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಆ ಒಂದು ಹೆಸರಿನೊಳಗೆ ಎರಡು ಲೋಕಗಳಿದ್ದವು. ಪಡುವಣದಲ್ಲಿ ಜಡಿಮಳೆ, ತುಂಬಿ ಹರಿಯುವ ಹಳ್ಳ. ಮೂಡಣದಲ್ಲಿ ತರೀಕೆರೆಯ ಗುಡ್ಡಸಾಲು ಇಳಿದು ಅಜ್ಜಂಪುರ, ಕಡೂರಿನ ಬಯಲು ಮುಟ್ಟುವಷ್ಟರಲ್ಲಿ ಮೋಡದ ಚೀಲ ಬರಿದು. ಹಳ್ಳದ ಬಂಡೆಯ ಮೇಲೆ ಪುಟ್ಟ ಕಪ್ಪೆ; ಒಣ ಹೊಲಗಳಲ್ಲಿ ನೆಲದೊಳಗೆ ಹೂತುಕೊಂಡು ಮಳೆಗೆ ಕಾಯುವ ದಪ್ಪನೆಯ ಬಿಲಗಪ್ಪೆ.

ರಾಯರು ಹೆಸರಿಟ್ಟ ಕಪ್ಪೆಗಳು ಸೀಸೆಗಳಲ್ಲಿ ಕಾಲೇಜಿನ ಸಂಗ್ರಹ ಸೇರಿದವು. ಮುಂದೆ ಆ ಸಂಗ್ರಹವೇ ಕಾಣೆಯಾಯಿತು. ಹವೆ ಬದಲಾದಂತೆ ಮೈಯೂ ಬದಲಾಯಿತೇ ಎಂದು ನೋಡಲು ಹಳೆಯ ಕಪ್ಪೆಯನ್ನು ಕೈಗೆತ್ತಿಕೊಂಡು ಹೊಸದರ ಪಕ್ಕ ಇಟ್ಟು ಅಳೆಯುವ ದಾರಿ ಅಲ್ಲಿಗೆ ಮುಚ್ಚಿತು.

ಹವೆಗೂ ಮೈಯಳತೆಗೂ ನಂಟಿದೆಯೆಂಬ ಮಾತು ರಾಯರ ಕಾಲಕ್ಕಿಂತ ಹಳೆಯದು. 1847ರಲ್ಲಿ ಜರ್ಮನಿಯ ಕಾರ್ಲ್ ಬರ್ಗ್‌ಮನ್, ಚಳಿ ನಾಡಿನ ಬಿಸಿರಕ್ತದ ಪ್ರಾಣಿಗಳು ಹಿಗ್ಗಿ ಬೆಳೆಯುತ್ತವೆ ಎಂದಿದ್ದ; ದೊಡ್ಡ ಮೈಯಿಂದ ಶಾಖ ನಿಧಾನವಾಗಿ ಸೋರುತ್ತದೆ ಎಂಬುದು ಅವನ ಲೆಕ್ಕ. ಅದನ್ನೇ ಕಪ್ಪೆಗಳಿಗೆ ಹೊಂದಿಸಲು ಹೋದವರು ಎಡವಿದರು. ಕೆಲವು ಜಾತಿಗಳು ನಿಯಮ ಒಪ್ಪಿದವು, ಕೆಲವು ತಿರುಗಿಬಿದ್ದವು. ಕಪ್ಪೆಯ ಒಡಲಲ್ಲಿ ಕಾಯ್ದುಕೊಳ್ಳಬೇಕಾದ ಒಲೆಯೇ ಇರಲಿಲ್ಲ.

ಬೆಳಕು ಕಂಡದ್ದು ಬೇರೆಯೇ ಕೆಲಸದ ನಡುವೆ. 1983ರಲ್ಲಿ ಅಮೆರಿಕದ ಪೀಟರ್ ನರೀನ್ಸ್ ಪೋರ್ಟೊರಿಕೊ ದ್ವೀಪದ ಬೆಟ್ಟವೊಂದನ್ನು ರಾತ್ರಿ ಹೊತ್ತು ಹತ್ತುತ್ತ, ‘ಕೊ-ಕಿ’ ಎಂದು ಕೂಗುವ ಕೊಕಿ ಕಪ್ಪೆಗಳ ದನಿ ಮುದ್ರಿಸಿದರು. ಬುಡದಲ್ಲಿ ಸಣ್ಣ ಕಪ್ಪೆ, ಕೀಚಲು ದನಿ. ಮೇಲೇರಿದಂತೆ ಮೈ ದೊಡ್ಡದು, ದನಿ ಗಡಸು. ಅವರ ಕುತೂಹಲ ಇದ್ದದ್ದು ಕೂಗಿನ ಬಗ್ಗೆ. ಭೂಮಿ ಬಿಸಿಯಾಗುವ ಚರ್ಚೆ ಅವರ ಚೀಲದಲ್ಲಿರಲಿಲ್ಲ. ಆದರೆ ಟೇಪುಗಳೂ ಅಳತೆಗಳೂ ಉಳಿದವು.

23 ವರ್ಷ ಕಳೆದ ಮೇಲೆ, 2006ರಲ್ಲಿ, ಅವರು ಅದೇ ದಾರಿ ಹಿಡಿದರು. ಅದೇ ಎತ್ತರಗಳಲ್ಲಿ ನಿಂತು ಮತ್ತೆ ಮುದ್ರಿಸಿದರು, ಮತ್ತೆ ಅಳೆದರು. ಸಹೋದ್ಯೋಗಿ ಮೀಂಡರಿಂಕ್ ಜೊತೆ ಹಳತನ್ನೂ ಹೊಸತನ್ನೂ ಎದುರುಬದುರು ಇಟ್ಟಾಗ ಬೆಟ್ಟವೇ ಕುಸಿದಂತೆ ಕಂಡಿತು. ಪ್ರತಿ ಎತ್ತರದಲ್ಲೂ ಕಪ್ಪೆ ಕುಗ್ಗಿತ್ತು, ದನಿ ಏರಿತ್ತು, ಕೂಗು ಗಿಡ್ಡವಾಗಿತ್ತು. ಕೆಳಗಿನ ಕಪ್ಪೆಗಳ ಲಕ್ಷಣ ಮೇಲಕ್ಕೆ ಹತ್ತಿತ್ತು. ಆ ಅವಧಿಯಲ್ಲಿ ಅಲ್ಲಿನ ತಾಪ ಏರಿದ್ದು ಸುಮಾರು 0.37 ಡಿಗ್ರಿ ಸೆಲ್ಸಿಯಸ್ ಮಾತ್ರ. 2014ರಲ್ಲಿ ಫಲಿತಾಂಶ ಅಚ್ಚಾಯಿತು.

ಅಷ್ಟರೊಳಗೆ ಧಾರವಾಡದಲ್ಲಿ ಇನ್ನೊಂದು ಗಂಟು ಸಡಿಲಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯದ ಸಂತೋಷ ಮೊಗಲಿ, ಎಸ್. ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಹಿಡಿದದ್ದು ಬಿಲಗಪ್ಪೆಯ ಗೊದಮೊಟ್ಟೆಗಳನ್ನು. ಮಳೆ ಕೈಕೊಟ್ಟರೆ ಹೊಂಡದೊಳಗಿನ ಮರಿಗಳ ಗತಿಯೇನು? ಕೆಲವನ್ನು ಒಂದೇ ಮಟ್ಟದ ನೀರಿನಲ್ಲಿ ಸಾಕಿದರು, ಉಳಿದವುಗಳ ನೀರನ್ನು ಇಳಿಸುತ್ತ ಬಂದರು. ನೀರು ತಗ್ಗಿದಲ್ಲಿ ಗೊದಮೊಟ್ಟೆಗಳು ತುಂಬ ಬೆಳೆಯುವವರೆಗೆ ಕಾಯಲಿಲ್ಲ. ಕಾಲು ಮೂಡಿಸಿಕೊಂಡು, ಬಾಲ ಕರಗಿಸಿಕೊಂಡು, ಅವಧಿಗೆ ಮೊದಲೇ ದಡ ಸೇರಿದವು. ಬದುಕಿದವು, ಆದರೆ ಚಿಕ್ಕ ಮೈಯಲ್ಲಿ.

ಒಂದೇ ನಿಯಮ ಹುಡುಕಿದ್ದರಿಂದಲೇ ಹಿಂದಿನವರಿಗೆ ಉತ್ತರ ತಪ್ಪಿತ್ತು. ಕೊಕಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಡೆದು ನೇರವಾಗಿ ಪುಟ್ಟ ಕಪ್ಪೆ ಬರುತ್ತದೆ. ಅದು ಕುಗ್ಗಿದ್ದು ಬಿಸಿಯ ಜೊತೆಗೆ: ತಾಪ ಏರಿದಷ್ಟೂ ತಣ್ಣನೆ ರಕ್ತದ ಮೈಯ ಖರ್ಚು ಏರುತ್ತದೆ, ಬೆಳವಣಿಗೆಗೆ ಉಳಿಯುವುದು ಕಡಿಮೆ. ಬಿಲಗಪ್ಪೆಯ ಮರಿಯನ್ನು ಕುಗ್ಗಿಸಿದ್ದು ಬತ್ತುವ ನೀರು. ಅದೇ ಒಣಹವೆಯಲ್ಲಿ, ಬೆಳೆದ ಕಪ್ಪೆಗೆ ದಪ್ಪ ಮೈಯೇ ಲಾಭ. ತೇವ ಬೇಗ ಆರುವುದಿಲ್ಲ.

ಧಾರವಾಡದ ಫಲಿತಾಂಶ 2011ರಲ್ಲಿ ಪ್ರಕಟವಾದದ್ದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಪತ್ರಿಕೆಯ ಮೊದಲ ಸಂಪಾದಕ ನಾರಾಯಣರಾವ್. ಅವರ ಸೀಸೆಗಳು ಉಳಿಯಲಿಲ್ಲ. ಅವರು ಹಚ್ಚಿದ ಅಚ್ಚಿನ ದೀಪ ಕಪ್ಪೆಯ ಅಳತೆಗೆ ಬೆಳಕು ಹಿಡಿಯಿತು.