ಡಿಸ್ಕೊ ತಾಳಕ್ಕೆ ರಾಕ್ ಗಿಟಾರು

ಅಮೆರಿಕದ ಗಾಯಕಿ ಡೊನಾ ಸಮ್ಮರ್ ಎಂದೊಡನೆ ಡಿಸ್ಕೊ ಕುಣಿತದ ಹಾಡುಗಳೇ ನೆನಪಾಗುವುದು ಸಹಜ. ೧೯೭೭ರ 'ಐ ಫೀಲ್ ಲವ್' ಹಾಡಿನಲ್ಲಿ ಆಕೆಯ ನವಿರಾದ ದನಿಯ ಹಿಂದೆ ಮಿಡಿಯುತ್ತಿದ್ದುದು ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ. ೧೯೭೯ರ 'ಹಾಟ್ ಸ್ಟಫ್'ನಲ್ಲಿ ನಿರ್ಮಾಪಕರಾದ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಕುಣಿತದ ಸಮತಾಳವನ್ನು ಕದಲಿಸದೆ, ಅದರ ಮೇಲೆ ಜೆಫ್ ಬ್ಯಾಕ್ಸ್ಟರ್ ಅವರ ಬಿರುಸಾದ ಗಿಟಾರನ್ನು ಕೂಡಿಸಿದರು. ಗಾಯಕಿಯೂ ತುಂಬುಗೊರಳನ್ನು ತೆರೆದರು. ಇದು ಎರವಲು ವೇಷವಲ್ಲ; ಬಾಸ್ಟನ್ನಿನ ಚರ್ಚಿನಲ್ಲಿ ಹಾಡಿ ಬೆಳೆದ ಆಕೆ ಹರೆಯದಲ್ಲಿ ರಾಕ್ ತಂಡವೊಂದರಲ್ಲಿಯೂ ಹಾಡಿದ್ದವರು.

ಅದೇ ವರ್ಷದ ಜುಲೈ ೧೨ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ, ಸಾವಿರಾರು ರಾಕ್ ಅಭಿಮಾನಿಗಳ ಜಯಘೋಷದ ನಡುವೆ, ಡಿಸ್ಕೊ ಧ್ವನಿಮುದ್ರಿಕೆಗಳನ್ನು ಸಿಡಿಮದ್ದಿಟ್ಟು ಸಿಡಿಸಲಾಯಿತು. ೧೯೮೦ರಲ್ಲಿ, ರಾಕ್ ಗಾಯಕಿಯರಿಗೆಂದೇ ಮೊದಲ ಬಾರಿಗೆ ನೀಡಲಾದ ಗ್ರ್ಯಾಮಿ ಪ್ರಶಸ್ತಿಯು 'ಹಾಟ್ ಸ್ಟಫ್' ಹಾಡಿದ ಈ ಕಪ್ಪು ಜನಾಂಗದ ಕಲಾವಿದೆಗೇ ಸಂದಿತು.