ಗುಂಡಿನ ಮೈಮೇಲಿನ ಗೆರೆ

ಪಿಸ್ತೂಲಿನ ನಳಿಗೆಯ ಒಳಮೈ ನೀರಿನ ಕೊಳಾಯಿಯಂತೆ ನುಣುಪಾಗಿರುವುದಿಲ್ಲ. ತಿರುಪುಮೊಳೆಯ ಸುತ್ತಿನಂತೆ ಅದರೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ. ಇದಕ್ಕೆ ರೈಫ್ಲಿಂಗ್ ಎಂದು ಹೆಸರು.

ಈ ತೋಡುಗಳೇತಕ್ಕೆ? ಬುಗುರಿಯು ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ. ಸುತ್ತು ನಿಂತೊಡನೆ ಉರುಳುತ್ತದೆ. ಗುಂಡಿನ ಪಾಡೂ ಅದೇ. ಉದ್ದನೆಯ ಗುಂಡು ತಿರುಗದೆ ಹೊರಬಿದ್ದರೆ ಗಾಳಿಯಲ್ಲಿ ಹೊರಳಾಡಿ ಗುರಿ ತಪ್ಪುವುದು. ತೋಡುಗಳು ಅದನ್ನು ಹಿಡಿದು ತಿರುಗಿಸಿ ಕಳುಹಿಸುತ್ತವೆ.

ಎಷ್ಟು ಇಂಚಿಗೆ ಒಂದು ಸುತ್ತು ಎಂಬುದೇ ಇಲ್ಲಿನ ಲೆಕ್ಕ. 1911ರ ಮಾದರಿಯ .45 ಕೋಲ್ಟ್ ಪಿಸ್ತೂಲಿನಲ್ಲಿ 16 ಇಂಚಿಗೆ ಒಂದು ಸುತ್ತು. ನಳಿಗೆಯ ಉದ್ದವಾದರೋ 5 ಇಂಚು ಮಾತ್ರ. ಎಂದರೆ ಹೊರಬರುವಷ್ಟರಲ್ಲಿ ಗುಂಡು ಮೂರನೆಯ ಒಂದು ಸುತ್ತನ್ನೂ ಮುಗಿಸಿರುವುದಿಲ್ಲ. ಆದರೂ ಸೆಕೆಂಡಿಗೆ ಸುಮಾರು 830 ಅಡಿ ವೇಗದಲ್ಲಿ ಹೊರಡುವುದರಿಂದ ಅದು ಸೆಕೆಂಡಿಗೆ 620 ಸುತ್ತಿನಂತೆ ತಿರುಗುತ್ತದೆ. ಸುತ್ತು ಕಡಿಮೆಯಾದರೆ ಗುಂಡು ತೂರಾಡುತ್ತದೆ. ಬೇಕಾದುದಕ್ಕಿಂತ ಬಹಳ ಹೆಚ್ಚಾದರೆ ಗುಂಡಿನ ತೂಕದಲ್ಲಿರುವ ಸಣ್ಣ ಓರೆಯೂ ದೊಡ್ಡದಾಗಿ ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಆದುದರಿಂದ ತಯಾರಕರು ತಮ್ಮ ತಮ್ಮ ಅಳತೆಯನ್ನು ಆರಿಸಿಕೊಳ್ಳುತ್ತಾರೆ. ಕೋಲ್ಟ್‌ನವರು ಎಡಕ್ಕೆ ತಿರುಗಿಸಿದರೆ ಸ್ಮಿತ್ ಅಂಡ್ ವೆಸ್ಸನ್‌ನವರು ಬಲಕ್ಕೆ ತಿರುಗಿಸಿದರು.

ಗುರಿಗಾಗಿ ಕೊರೆದ ಈ ತೋಡುಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಗುಂಡಿನ ಲೋಹ ಮೆತ್ತಗಿರುವುದರಿಂದ ತೋಡುಗಳ ಅಚ್ಚು ಅದರ ಮೈಮೇಲೆ ಮೂಡುತ್ತದೆ. ಈ ಅಚ್ಚೇ ಒಮ್ಮೆ ಒಬ್ಬ ಬಡವನ ಬಿಡುಗಡೆಗೆ ನೆರವಾಯಿತು.

1915ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಷೆಲ್ಬಿ ಎಂಬಲ್ಲಿ ಒಬ್ಬ ರೈತನೂ ಅವನ ಮನೆಗೆಲಸದಾಕೆಯೂ .22 ಅಳತೆಯ ಗುಂಡಿಗೆ ಬಲಿಯಾದರು. ಆ ರೈತನ ಹೊಲದಲ್ಲಿ ದುಡಿಯುತ್ತಿದ್ದ ಚಾರ್ಲ್ಸ್ ಸ್ಟೀಲೋ ಎಂಬ ಓದುಬರಹ ತಿಳಿಯದ ಕೂಲಿಯಾಳಿನ ಬಳಿ .22 ರಿವಾಲ್ವರ್ ಇತ್ತು. ಗುಂಡುಗಳು ಅದರಿಂದಲೇ ಹಾರಿದವೆಂದು ತಜ್ಞನೆನಿಸಿಕೊಂಡವನೊಬ್ಬ ನ್ಯಾಯಾಲಯದಲ್ಲಿ ಹೇಳಿದ. ಸ್ಟೀಲೋಗೆ ವಿದ್ಯುತ್ ಕುರ್ಚಿಯ ಮರಣದಂಡನೆಯಾಯಿತು. ಶಿಕ್ಷೆ ಹಲವು ಬಾರಿ ಮುಂದೆ ಹೋಗಿ, ಕಡೆಗೆ ಮರುತನಿಖೆ ನಡೆಯಿತು. ಆಗ ಅವನ ರಿವಾಲ್ವರಿನಿಂದ ಗುಂಡು ಹಾರಿಸಿ, ಕೊಲೆಯ ಗುಂಡುಗಳ ಜೊತೆಗೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಕೊಲೆಯ ಗುಂಡುಗಳ ಮೇಲೆ ನಳಿಗೆ ಕೊರೆಯುವಾಗಿನ ದೋಷದ ಗುರುತಿತ್ತು. ಸ್ಟೀಲೋನ ನಳಿಗೆಯಲ್ಲಿ ಅಂಥ ದೋಷವೇ ಇರಲಿಲ್ಲ! 1918ರಲ್ಲಿ ಅವನ ಬಿಡುಗಡೆಯಾಯಿತು.

ಆ ತನಿಖೆಯಲ್ಲಿ ದುಡಿದ ಚಾರ್ಲ್ಸ್ ವೇಯ್ಟ್ ಎಂಬವರು ಮುಂದೆ ಬಂದೂಕು ತಯಾರಕರ ಕಾರ್ಖಾನೆಗಳಿಂದ ವಿವರಗಳನ್ನು ಕಲೆಹಾಕಿದರು. ತೋಡುಗಳೆಷ್ಟು, ತಿರುಪು ಎಡಕ್ಕೋ ಬಲಕ್ಕೋ, ಎಷ್ಟು ಇಂಚಿಗೆ ಒಂದು ಸುತ್ತು ಎಂಬುದೆಲ್ಲ ಆ ಪಟ್ಟಿಗೆ ಸೇರಿತು. ಇದರಿಂದ ಗುಂಡನ್ನು ನೋಡಿ ಯಾವ ಮಾದರಿಯ ಆಯುಧವಿರಬಹುದೆಂದು ಹೇಳುವುದು ಸಾಧ್ಯವಾಯಿತು. ಇಂಥದೇ ಆಯುಧವೆಂದು ಬೊಟ್ಟುಮಾಡಲು ಮಾತ್ರ ಇಷ್ಟು ಸಾಲದು. ಅದಕ್ಕೆ ಇನ್ನೂ ಸೂಕ್ಷ್ಮವಾದ ಗೀರುಗಳನ್ನು ಹೋಲಿಸಬೇಕು, ಬಹಳ ಎಚ್ಚರವೂ ಬೇಕು.

ಗುಂಡಿನ ಮೇಲಿನ ಗೆರೆಗಳು 1915ರಲ್ಲಿಯೂ ಅವೇ, ಮರುತನಿಖೆಯಲ್ಲಿಯೂ ಅವೇ. ಮೊದಲ ಸಲ ನ್ಯಾಯಾಲಯವು ಒಬ್ಬನ ಮಾತನ್ನು ನಂಬಿತು. ಎರಡನೆಯ ಸಲ ಗುಂಡು ಹಾರಿಸಿ, ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಒಬ್ಬ ಕೂಲಿಯಾಳಿನ ಬಿಡುಗಡೆಗೆ ನೆರವಾದದ್ದು ಈ ವ್ಯತ್ಯಾಸ.