ಕ್ಯಾಮೆರಾ ಹಿಡಿದು ಹೊರಟವರಿಗೊಂದು ಕಿವಿಮಾತು

ಶಾಲೆ ಕಾಲೇಜುಗಳಲ್ಲಿ ನಾಟಕವಾಡುವ ಹವ್ಯಾಸ ನಮ್ಮಲ್ಲಿ ಹಳೆಯದು. ಈಗ ಅದರ ಜೊತೆಗೆ ಚಿತ್ರ ತೆಗೆಯುವ ಹವ್ಯಾಸವೂ ಸೇರಿದೆ. ೧೯೪೦ರ ದಶಕದಲ್ಲಿ ಮೈಸೂರಿನ ವಿ. ಕೆ. ಮೂರ್ತಿಯವರು ಛಾಯಾಗ್ರಹಣ ಕಲಿಯಲು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಸೇರಿದಾಗ ಚಲಚ್ಚಿತ್ರದ ಕ್ಯಾಮೆರಾ ಎಲ್ಲರ ಕೈಗೆ ಸಿಗುವ ವಸ್ತುವಾಗಿರಲಿಲ್ಲ. ಇಂದು ಜೇಬಿನಲ್ಲಿರುವ ಫೋನೇ ಕ್ಯಾಮೆರಾ. ನಾಲ್ಕಾರು ಮಂದಿ ವಿದ್ಯಾರ್ಥಿಗಳು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೋ ಹಳೆಯ ಕೋಟೆಗೋ ಹೊರಟುಬಿಡುತ್ತಾರೆ. ನಿಮ್ಮ ಮಗನೋ ಮಗಳೋ ಅವರಲ್ಲಿ ಒಬ್ಬರಾಗಿರಬಹುದು. ಇಲ್ಲವೆ, "ನಿಮ್ಮ ಪಡಸಾಲೆಯಲ್ಲಿ ಒಂದು ದೃಶ್ಯ ತೆಗೆದುಕೊಳ್ಳಬಹುದೆ?" ಎಂದು ಕೇಳಿಕೊಂಡು ಅಂಥವರು ನಿಮ್ಮ ಬಾಗಿಲಿಗೇ ಬರಬಹುದು. ಎರಡು ಕಡೆಯವರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳುಂಟು.

ನಮ್ಮ ಜೀವವನ್ನು ಕಾಪಾಡಿಕೊಳ್ಳುವುದು ಒಂದು ವಿಷಯ, ಇತರರಿಗೆ ತೊಂದರೆ ಕೊಡದಿರುವುದು ಇನ್ನೊಂದು ವಿಷಯ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಎರಡರ ಬೇರೂ ಒಂದೇ. ಅದು ಕೇಳಿ ತಿಳಿಯುವ ಅಭ್ಯಾಸ. ಒಂದು ಸ್ಥಳಕ್ಕೆ ಹೋದಾಗ ಅಲ್ಲಿಯವರನ್ನು ಕೇಳುವುದು ಸೌಜನ್ಯ. ಅವರು ಕೊಡುವ ಉತ್ತರದಲ್ಲಿಯೇ ನಮ್ಮ ರಕ್ಷಣೆಯೂ ಇರುತ್ತದೆ. ಮಡುವಿನ ಆಳ, ರೈಲಿನ ವೇಳೆ, ಅಟ್ಟದ ಯಾವ ತೊಲೆ ಗೆದ್ದಲು ತಿಂದಿದೆ ಎಂಬುದು—ಇವೆಲ್ಲ ಅಲ್ಲಿ ಬಾಳುವವರಿಗೆ ಗೊತ್ತು, ಬಂದವರಿಗೆ ಗೊತ್ತಿಲ್ಲ.

ಕೇಳಿಯೂ ಕಿವಿಗೆ ಹಾಕಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಒಂದು ಘಟನೆ ನಿದರ್ಶನ. ೨೦೧೪ರ ಫೆಬ್ರವರಿ ೨೦ರಂದು ಜಾರ್ಜಿಯಾ ಸಂಸ್ಥಾನದಲ್ಲಿ ಒಂದು ಚಿತ್ರತಂಡ ಹೊಳೆಯ ಮೇಲಣ ರೈಲು ಸೇತುವೆಯಲ್ಲಿ, ಹಳಿಗಳ ಮೇಲೆ ಮಂಚವನ್ನಿಟ್ಟು ಚಿತ್ರೀಕರಣಕ್ಕೆ ನಿಂತಿತ್ತು. ರೈಲ್ವೆ ಕಂಪನಿ ಅನುಮತಿಯನ್ನು ನಿರಾಕರಿಸಿತ್ತು. ಸದ್ಯಕ್ಕೆ ರೈಲು ಬರುವುದಿಲ್ಲವೆಂಬ ನಂಬಿಕೆಯಿಂದ ತಂಡದವರು ಹಳಿಗೆ ಇಳಿದಿದ್ದರು, ರೈಲು ಬಂದಿತು. ಛಾಯಾಗ್ರಹಣ ಸಹಾಯಕಿಯಾಗಿದ್ದ ೨೭ ವರ್ಷದ ಸಾರಾ ಜೋನ್ಸ್ ತೀರಿಕೊಂಡಳು, ಹಲವರು ಗಾಯಗೊಂಡರು. ನಿರ್ದೇಶಕನು ೨೦೧೫ರಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದನು. ನಮ್ಮ ದೇಶದಲ್ಲಿಯೂ ಅನುಮತಿಯಿಲ್ಲದೆ ಹಳಿಯ ಮೇಲೆ ಕಾಲಿಡುವುದು ೧೯೮೯ರ ರೈಲ್ವೆ ಕಾಯಿದೆಯ ೧೪೭ನೆಯ ವಿಧಿಯಂತೆ ಅಪರಾಧ. ಆರು ತಿಂಗಳವರೆಗೆ ಸಜೆಯಾಗಬಹುದು. ಹಳಿಯ ಮೇಲೆ ನಡೆಯುವ ನಾಯಕನ ದೃಶ್ಯ ಕಥೆಗೆ ಬೇಕೇ ಬೇಕೆಂದಾದರೆ ಕಥೆಯನ್ನು ಬದಲಿಸಿರಿ. ಅಷ್ಟೇ ಅದಕ್ಕೆ ಪರಿಹಾರ.

ನೀರು ರೈಲಿಗಿಂತ ಮೋಸಗಾರ. ಅದು ಶಬ್ದ ಮಾಡಿಕೊಂಡು ಬರುವುದಿಲ್ಲ. ೨೦೧೬ರ ನವೆಂಬರಿನಲ್ಲಿ ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ, ಹೆಲಿಕಾಪ್ಟರಿನಿಂದ ನೀರಿಗೆ ಧುಮುಕುವ ದೃಶ್ಯದಲ್ಲಿ ಇಬ್ಬರು ಕನ್ನಡ ನಟರು ಮುಳುಗಿ ಸತ್ತುದನ್ನು ನೀವು ಮರೆತಿರಲಾರಿರಿ. ಅವರ ಮೈಮೇಲೆ ತೇಲುವ ಅಂಗಿ ಇರಲಿಲ್ಲ. ವೃತ್ತಿಪರರ ತಂಡದಲ್ಲಿಯೇ ಹೀಗಾದರೆ ವಿದ್ಯಾರ್ಥಿಗಳ ಪಾಡೇನು? ೨೦೧೪ರ ಜೂನ್ ೮ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಬಳಿ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಿಂತು ಭಾವಚಿತ್ರ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಹೊಳೆ ಒಮ್ಮೆಲೇ ಏರಿತು. ೨೪ ಮಂದಿ ವಿದ್ಯಾರ್ಥಿಗಳು ಕೊಚ್ಚಿಹೋದರು. ಅಣೆಕಟ್ಟಿನ ಕೆಳಗಣ ಹೊಳೆ ಮಳೆಯಿಲ್ಲದೆಯೂ ಏರಬಲ್ಲದು. ನಮ್ಮ ಕಾವೇರಿ, ಶರಾವತಿ, ಕಾಳಿ ನದಿಗಳ ಪಾತ್ರದಲ್ಲಿಯೂ ಇದೇ ನಿಯಮ. ಬಂಡೆಯ ಮೇಲೆ ತ್ರಿಪಾದಿಯನ್ನು ಊರುವ ಮೊದಲು ಅಲ್ಲಿನ ಬೆಸ್ತರನ್ನೋ, ಅಣೆಕಟ್ಟಿನ ಸಿಬ್ಬಂದಿಯನ್ನೋ ವಿಚಾರಿಸಬೇಕು. ಜಲಪಾತದ ಅಂಚು, ಪಾಚಿ ಹಿಡಿದ ಕಲ್ಲು, ಕಲ್ಲುಗಣಿಯ ಹೊಂಡ, ಇವುಗಳಲ್ಲಿ ಈಜು ಬಲ್ಲವರೂ ಸಾಯುತ್ತಾರೆ.

ಇನ್ನು ವಿದ್ಯುತ್ತು. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು ೬೦ಕ್ಕೂ ಹೆಚ್ಚು ಮಂದಿ ಸತ್ತರು. ಅದು ದೊಡ್ಡ ಏರ್ಪಾಟಿನ ಕಥೆ. ಮನೆಯೊಳಗೆ ಚಿತ್ರ ತೆಗೆಯುವ ಹುಡುಗರು ಒಂದು ಸಣ್ಣ ಲೆಕ್ಕವನ್ನು ಬಲ್ಲವರಾಗಿರಬೇಕು. ಮನೆಯ ಸಾಧಾರಣ ಪ್ಲಗ್ಗು ೬ ಆಂಪಿಯರಿನದು. ೨೩೦ ವೋಲ್ಟಿನಲ್ಲಿ ಅದು ಹೊರಬಲ್ಲ ಭಾರ ಸುಮಾರು ೧,೩೮೦ ವಾಟ್. ೧,೦೦೦ ವಾಟಿನ ಎರಡು ದೀಪಗಳನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸಿದರೆ ಫ್ಯೂಸು ಹೋಗುತ್ತದೆ. ಆಗ ದಪ್ಪ ತಂತಿಯನ್ನು ಫ್ಯೂಸಿಗೆ ಕಟ್ಟಿ ಕೆಲಸ ಮುಂದುವರಿಸುವ ಜಾಣತನವೇ ಗೋಡೆಯೊಳಗಿನ ತಂತಿಗೆ ಬೆಂಕಿಯಿಡುವುದು. ಕಡಿಮೆ ವಾಟಿನ ಎಲ್‌ಇಡಿ ದೀಪಗಳು ಇರುವಾಗ ಈ ಸಾಹಸ ಬೇಡ. ಸುರುಳಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚಿ ಬಳಸಬೇಕು. ಸುರುಳಿಯಲ್ಲಿಯೇ ಇದ್ದರೆ ಕಾವು ಹೊರಹೋಗದೆ ಕರಗುತ್ತದೆ. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿಡಬಾರದು, ಅದರ ಹೊಗೆಯಲ್ಲಿ ವಾಸನೆಗೆ ಸಿಗದ ವಿಷವಾಯುವಿದೆ. ಮೈಕಿನ ಉದ್ದನೆಯ ಕೋಲನ್ನು ಎತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿಯಿದೆಯೇ ಎಂದು ನೋಡಬೇಕು.

ತಂಡದಲ್ಲಿ ಒಬ್ಬರನ್ನು ಸುರಕ್ಷತೆಗೆಂದೇ ನೇಮಿಸುವುದು ಉತ್ತಮ. ಆತ ನಿರ್ದೇಶಕನೂ ಅಲ್ಲ, ಛಾಯಾಗ್ರಾಹಕನೂ ಅಲ್ಲ. ಏಕೆಂದರೆ ಆ ಇಬ್ಬರ ಕಣ್ಣೂ ಚಿತ್ರದ ಚೌಕಟ್ಟಿನೊಳಗೆ ನೆಟ್ಟಿರುತ್ತದೆ, ಅಪಾಯವು ಚೌಕಟ್ಟಿನ ಹೊರಗಿನಿಂದ ಬರುತ್ತದೆ. ಹಿಂದುಹಿಂದಕ್ಕೆ ನಡೆಯುತ್ತ ಚಿತ್ರ ತೆಗೆಯುವವನ ಬೆನ್ನಿಗೆ ಒಬ್ಬರು ಕೈಯಿಟ್ಟು ದಾರಿ ಹೇಳಬೇಕು. "ನಿಲ್ಲಿಸಿ" ಎನ್ನುವ ಅಧಿಕಾರ ಎಲ್ಲರಿಗೂ, ಟೀ ತರುವ ಹುಡುಗನಿಗೂ ಇರಬೇಕು. ಹೇಳಿದವನನ್ನು ಯಾರೂ ಹಾಸ್ಯ ಮಾಡಬಾರದು. ಹತ್ತಿರದ ಆಸ್ಪತ್ರೆಯ ದಾರಿ, ೧೧೨ ಮತ್ತು ೧೦೮ ಸಂಖ್ಯೆಗಳು ಒಂದು ಚೀಟಿಯಲ್ಲಿ ಎಲ್ಲರ ಜೇಬಿನಲ್ಲಿರಲಿ. ಮಲೆನಾಡಿನ ಎಷ್ಟೋ ಕಡೆ ಫೋನು ಕೆಲಸ ಮಾಡುವುದಿಲ್ಲ. ಫೋನು ಎಲ್ಲಿ ಸಿಗುತ್ತದೆಂಬುದನ್ನೂ ಮೊದಲೇ ನೋಡಿಕೊಂಡಿರಬೇಕು. ಹನ್ನೆರಡು ಗಂಟೆಗೂ ಮೀರಿ ದುಡಿದವನ ಕೈಗೆ ರಾತ್ರಿ ಮೋಟಾರ್ ಸೈಕಲ್ ಕೊಡಬೇಡಿರಿ. ನಿದ್ದೆಗಣ್ಣಿನ ದಾರಿಯೂ ಚಿತ್ರೀಕರಣದ ಒಂದು ಭಾಗವೇ.

ಅನುಮತಿಯ ವಿಷಯದಲ್ಲಿ ಸಾಮಾನ್ಯವಾಗಿ ಎದುರಾಗುವವು ಇಷ್ಟು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ ಕೋಟೆಗಳಲ್ಲಿ ಚಿತ್ರೀಕರಣಕ್ಕೆ ಇಲಾಖೆಯ ಲಿಖಿತ ಪರವಾನಗಿ ಬೇಕು. ಅಭಯಾರಣ್ಯದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಡ್ರೋನ್ ಹಾರಿಸುವವರು ೨೦೨೧ರ ನಿಯಮಗಳನ್ನು ಓದಿಕೊಂಡಿರಬೇಕು. ಅಪಹರಣ, ಹೊಡೆದಾಟ, ಆಟಿಕೆಯ ಬಂದೂಕು—ಇಂಥ ದೃಶ್ಯವಿದ್ದರೆ ಪೊಲೀಸ್ ಠಾಣೆಗೂ ಬೀದಿಯ ಅಂಗಡಿಯವರಿಗೂ ಮೊದಲೇ ತಿಳಿಸಬೇಕು. ನೋಡಿದವರು ನಿಜವೆಂದು ತಿಳಿದು ನಟನ ಮೇಲೆಯೇ ಬಿದ್ದರೆ ಅದು ಅವರ ತಪ್ಪಲ್ಲ. ಬೀದಿಯಲ್ಲಿ ಹೋಗುವವರ ಮುಖವನ್ನು, ಅದರಲ್ಲಿಯೂ ಮಕ್ಕಳ ಮುಖವನ್ನು, ಅವರವರ ಮನೆಯವರ ಒಪ್ಪಿಗೆಯಿಲ್ಲದೆ ತೆಗೆಯುವುದು ಸಲ್ಲದು.

ನಿಮ್ಮ ಮನೆಯನ್ನು ಯಾರಾದರೂ ಕೇಳಿದರೆ ಸಂಕೋಚಪಡದೆ ನಾಲ್ಕು ಪ್ರಶ್ನೆ ಹಾಕಿರಿ. ಎಷ್ಟು ಜನ ಬರುತ್ತೀರಿ? ಎಷ್ಟು ಹೊತ್ತಿಗೆ ಮುಗಿಸುತ್ತೀರಿ? ಯಾವ ಕೋಣೆ ಬೇಕು? ಯಾವ ಪ್ಲಗ್ಗು ಬಳಸುತ್ತೀರಿ? ಉತ್ತರಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಮೈನ್ ಸ್ವಿಚ್ಚು ಎಲ್ಲಿದೆಯೆಂದು ತೋರಿಸಿರಿ. ಮನೆಯಲ್ಲಿ ಕಾಯಿಲೆಯ ಹಿರಿಯರೋ ಪರೀಕ್ಷೆಗೆ ಓದುವ ಮಕ್ಕಳೋ ಇದ್ದರೆ ಮೊದಲೇ ಹೇಳಿಬಿಡಿರಿ. ಬಂದವರ ಕರ್ತವ್ಯವೂ ಸರಳ: ಚಪ್ಪಲಿ ಹೊರಗೆ ಬಿಡುವುದು, ಸರಿಸಿದ ಕುರ್ಚಿಯನ್ನು ಇದ್ದಲ್ಲಿಗೇ ಇಡುವುದು, ದನ ನುಗ್ಗದಂತೆ ಗದ್ದೆಯ ತಡಿಕೆಯನ್ನು ಮುಚ್ಚುವುದು, ಉಂಡ ಎಲೆ, ಕುಡಿದ ಲೋಟಗಳನ್ನು ತಾವೇ ಎತ್ತಿಕೊಂಡು ಹೋಗುವುದು.

ಶಂಕರ್ ನಾಗ್ ಅವರು ೧೯೮೦ರ ದಶಕದಲ್ಲಿ "ಮಾಲ್ಗುಡಿ ಡೇಸ್" ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಇಷ್ಟು ವರ್ಷಗಳಾದ ಮೇಲೂ ಅಲ್ಲಿಗೆ ಹೋದವರು ಆ ಧಾರಾವಾಹಿಯ ದೊಡ್ಡಮನೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದು ಚಿತ್ರವೂ ಒಂದು ಊರೂ ಹೀಗೆ ಬೆಸೆದುಕೊಳ್ಳಬಲ್ಲವು. ಆದುದರಿಂದ ನಿಮ್ಮ ಮಕ್ಕಳು ಕ್ಯಾಮೆರಾ ಹಿಡಿದು ಹೊರಟಾಗ ಬೇಡವೆನ್ನಬೇಡಿರಿ. "ಯಾರನ್ನು ಕೇಳಿದೆ? ಅವರು ಏನು ಹೇಳಿದರು?" ಎಂದು ಮಾತ್ರ ವಿಚಾರಿಸಿರಿ. ಉತ್ತರ ಸರಿಯಾಗಿದ್ದರೆ ಬುತ್ತಿ ಕಟ್ಟಿಕೊಟ್ಟು ಕಳುಹಿಸಿರಿ.